ತಪ್ಪು ಎಲ್ಲಿದೆ? ದಾರಿ ತೋರಿಸಿದ ಅಲನ್ ಟ್ಯೂರಿಂಗ್



ನಾಲ್ಕು ದೊಡ್ಡ ಸಂಖ್ಯೆಗಳನ್ನು ಕೂಡುವ ಲೆಕ್ಕವೊಂದನ್ನು ನೀವು ಮಾಡಿದ್ದೀರಿ ಎಂದುಕೊಳ್ಳಿ. ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರಕ್ಕೆ ನಿಮ್ಮ ಉತ್ತರ ತಾಳೆಯಾಗುತ್ತಿಲ್ಲ. ಆಗ ಏನು ಮಾಡುತ್ತೀರಿ? ಮತ್ತೆ ಮೊದಲಿನಿಂದ ಕೂಡುತ್ತೀರಿ. ಎರಡನೆಯ ಸಲವೂ ತಪ್ಪು ಬಂದರೆ? ಬೇಸರವಾಗುತ್ತದೆ, ಆದರೆ ತಪ್ಪು ಎಲ್ಲಿದೆ ಎಂಬುದು ಮಾತ್ರ ತಿಳಿಯುವುದಿಲ್ಲ.

ನಾಲ್ಕು ಸಂಖ್ಯೆಗಳ ಲೆಕ್ಕದಲ್ಲೇ ಹೀಗಾದರೆ, ಸಾವಿರಾರು ಸಾಲುಗಳ ಆದೇಶಗಳನ್ನು ಪಾಲಿಸುವ ಕಂಪ್ಯೂಟರಿನ ಕೆಲಸದಲ್ಲಿ ತಪ್ಪು ಹುಡುಕುವುದು ಹೇಗೆ? ಪ್ರಪಂಚದ ಕಂಪ್ಯೂಟರುಗಳನ್ನೆಲ್ಲ ಕೈಬೆರಳುಗಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲೇ ಈ ಪ್ರಶ್ನೆಯನ್ನು ಕೇಳಿಕೊಂಡು, ಅದಕ್ಕೊಂದು ಸರಳವಾದ ಉತ್ತರವನ್ನೂ ಕೊಟ್ಟ ಗಣಿತಜ್ಞರೊಬ್ಬರಿದ್ದರು. ಅವರೇ ಅಲನ್ ಮ್ಯಾಥಿಸನ್ ಟ್ಯೂರಿಂಗ್. ಬನ್ನಿ, ಅವರ ಬದುಕಿನ ಕಥೆಯನ್ನು ತಿಳಿಯೋಣ.

ಬಾಲ್ಯ

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ ನಗರದಲ್ಲಿ. ಆದರೆ ಅವರ ಮನೆತನಕ್ಕೂ ನಮ್ಮ ದೇಶಕ್ಕೂ ಹತ್ತಿರದ ನಂಟಿತ್ತು. ತಂದೆ ಜೂಲಿಯಸ್ ಟ್ಯೂರಿಂಗ್ ಅಂದಿನ ಮದ್ರಾಸ್ ಪ್ರಾಂತದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದರು. ತಾಯಿ ಸಾರಾ ಹುಟ್ಟಿದ್ದೇ ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್ ಆಗಿದ್ದರು.

ತಂದೆತಾಯಿ ಭಾರತದಲ್ಲಿದ್ದರೂ ಅಲನ್ ಮತ್ತು ಅವನ ಅಣ್ಣ ಜಾನ್ ಇಂಗ್ಲೆಂಡಿನಲ್ಲೇ ಬೇರೊಂದು ಕುಟುಂಬದ ಆಶ್ರಯದಲ್ಲಿ ಬೆಳೆದರು. ಹತ್ತು ವರ್ಷದವನಿದ್ದಾಗ ಅಲನ್‌ಗೆ ಮಕ್ಕಳಿಗಾಗಿ ಬರೆದ ವಿಜ್ಞಾನದ ಪುಸ್ತಕವೊಂದು ಸಿಕ್ಕಿತು. ನಮ್ಮ ದೇಹವೂ ಒಂದು ಯಂತ್ರದಂತೆ ಕೆಲಸ ಮಾಡುತ್ತದೆ ಎಂಬ ವಿಚಾರ ಅದರಲ್ಲಿತ್ತು. ವಿಜ್ಞಾನದ ಕಡೆಗೆ ತನ್ನ ಕಣ್ಣು ತೆರೆಸಿದ್ದು ಅದೇ ಪುಸ್ತಕ ಎಂದು ಅವರು ಮುಂದೆಯೂ ನೆನೆಯುತ್ತಿದ್ದರು.

1926ರಲ್ಲಿ ಅವನು ಶೆರ್ಬೋರ್ನ್ ಎಂಬ ಊರಿನ ಶಾಲೆಗೆ ಸೇರಬೇಕಾಗಿತ್ತು. ಆ ಹೊತ್ತಿಗೆ ಸರಿಯಾಗಿ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆಯುತ್ತಿತ್ತು. ರೈಲುಗಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮುಷ್ಕರ ಮುಗಿಯಲಿ ಎಂದು ಸುಮ್ಮನಿರುತ್ತಿದ್ದರು. ಹದಿಮೂರು ವರ್ಷದ ಅಲನ್ ಬಂದರಿನಲ್ಲಿ ಇಳಿದವನೇ ಸೈಕಲ್ ಹತ್ತಿದ. ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದು ಶಾಲೆ ತಲುಪಿದ!

ಶಾಲೆಯಲ್ಲಿ ಅವನ ಬರವಣಿಗೆ ಅಂದವಾಗಿರಲಿಲ್ಲ. ಆದರೆ ಗಣಿತದಲ್ಲಿ ಅವನದೇ ದಾರಿ. ಅಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಜಾಣ ಹುಡುಗ ಆಪ್ತ ಗೆಳೆಯನಾದ. ಇಬ್ಬರೂ ಸೇರಿ ನಕ್ಷತ್ರಗಳ ಬಗ್ಗೆ, ಗಣಿತದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಿದ್ದರು. 1930ರಲ್ಲಿ ಕ್ರಿಸ್ಟೋಫರ್ ಕ್ಷಯರೋಗದಿಂದ ತೀರಿಕೊಂಡ. ಅಲನ್‌ಗೆ ಇದು ತುಂಬ ನೋವು ತಂದಿತು. ಗೆಳೆಯ ಮಾಡಬೇಕಾಗಿದ್ದ ಕೆಲಸವನ್ನು ತಾನಾದರೂ ಮಾಡಬೇಕೆಂದು ಅವನು ಇನ್ನಷ್ಟು ಶ್ರದ್ಧೆಯಿಂದ ಓದಿದ.

ಕಾಗದದ ಮೇಲಿನ ಯಂತ್ರ

1931ರಲ್ಲಿ ಟ್ಯೂರಿಂಗ್ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಿಂಗ್ಸ್ ಕಾಲೇಜನ್ನು ಸೇರಿದರು. 1936ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರೊಂದು ಪ್ರಸಿದ್ಧ ಲೇಖನ ಬರೆದರು. ಅದರಲ್ಲೊಂದು ಕಾಲ್ಪನಿಕ ಯಂತ್ರವಿತ್ತು. ಅದಕ್ಕೆ ಮನೆಗಳನ್ನು ಕೊರೆದ ಉದ್ದನೆಯ ಕಾಗದದ ಪಟ್ಟಿ. ಯಂತ್ರ ಒಂದು ಸಲಕ್ಕೆ ಒಂದೇ ಮನೆಯನ್ನು ನೋಡುತ್ತದೆ. ಅಲ್ಲಿರುವ ಗುರುತನ್ನು ಓದುತ್ತದೆ, ಅಳಿಸುತ್ತದೆ ಅಥವಾ ಹೊಸದನ್ನು ಬರೆಯುತ್ತದೆ. ಬಳಿಕ ಪಕ್ಕದ ಮನೆಗೆ ಸರಿಯುತ್ತದೆ. ಅಷ್ಟೇ! ಇಷ್ಟು ಸರಳವಾದ ಯಂತ್ರಕ್ಕೆ ಸರಿಯಾದ ಆದೇಶಗಳ ಪಟ್ಟಿಯನ್ನು ಕೊಟ್ಟರೆ, ನಿಯಮದಂತೆ ಮಾಡಬಹುದಾದ ಯಾವ ಲೆಕ್ಕವನ್ನಾದರೂ ಅದು ಮಾಡಬಲ್ಲದು ಎಂದು ಅವರು ತೋರಿಸಿದರು. ಈ ಆದೇಶಗಳ ಪಟ್ಟಿಯನ್ನೇ ನಾವು ಇಂದು ಪ್ರೋಗ್ರಾಮ್ ಎನ್ನುತ್ತೇವೆ.

ಅದೇ ಲೇಖನದಿಂದ ಇನ್ನೊಂದು ಅಚ್ಚರಿಯ ಸಂಗತಿಯೂ ಹೊರಬಂದಿತು. ಕೆಲವು ಪ್ರೋಗ್ರಾಮುಗಳು ಕೆಲಸ ಮುಗಿಸಿ ನಿಲ್ಲುತ್ತವೆ. ಇನ್ನು ಕೆಲವು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತವೆ. ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳಬಲ್ಲ ಒಂದೇ ಸಾಮಾನ್ಯ ವಿಧಾನ ಇರಲು ಸಾಧ್ಯವಿಲ್ಲ! ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಯುದ್ಧಕಾಲದ ಗುಟ್ಟು

ಟ್ಯೂರಿಂಗ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್ ಪದವಿ ಪಡೆದು 1938ರಲ್ಲಿ ಇಂಗ್ಲೆಂಡಿಗೆ ಮರಳಿದರು. ಮರುವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಜರ್ಮನ್ ಸೈನ್ಯ ತನ್ನ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತಿತ್ತು. ಆ ಯಂತ್ರವನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದಾಗಿತ್ತು ಗೊತ್ತೇ? 159ರ ಮುಂದೆ ಹದಿನೆಂಟು ಸೊನ್ನೆ ಬರೆಯಿರಿ, ಸುಮಾರು ಅಷ್ಟು! ಈ ಹೊಂದಾಣಿಕೆಯನ್ನು ದಿನದಿನವೂ ಬದಲಿಸುತ್ತಿದ್ದರು.

ಟ್ಯೂರಿಂಗ್ ಬ್ಲೆಚ್ಲೀ ಪಾರ್ಕ್ ಎಂಬ ರಹಸ್ಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಪೋಲೆಂಡಿನ ಗಣಿತಜ್ಞರು ಎನಿಗ್ಮಾದ ಬಗ್ಗೆ ಮೊದಲೇ ಬಹಳಷ್ಟು ಕಂಡುಕೊಂಡಿದ್ದರು. ಆ ತಿಳಿವಳಿಕೆಯನ್ನು ಮುಂದುವರಿಸಿ ಟ್ಯೂರಿಂಗ್ 'ಬಾಂಬ್' ಎಂಬ ಯಂತ್ರವನ್ನು ವಿನ್ಯಾಸ ಮಾಡಿದರು. ಹೆಸರು ಬಾಂಬ್ ಆದರೂ ಅದು ಸಿಡಿಯುವುದಲ್ಲ, ಹುಡುಕುವುದು! ಗಾರ್ಡನ್ ವೆಲ್ಚ್‌ಮನ್ ಎಂಬ ಇನ್ನೊಬ್ಬ ಗಣಿತಜ್ಞರು ಅದನ್ನು ಉತ್ತಮಪಡಿಸಿದರು. ಅಂಥ ಮೊದಲ ಯಂತ್ರ 1940ರಲ್ಲಿ ಕೆಲಸಕ್ಕೆ ಬಂದಿತು.

ಎನಿಗ್ಮಾದಲ್ಲಿ ಒಂದು ದೌರ್ಬಲ್ಯವಿತ್ತು. ಯಾವ ಅಕ್ಷರವೂ ಗೂಢಲಿಪಿಯಲ್ಲಿ ಅದೇ ಅಕ್ಷರವಾಗಿ ಬರುತ್ತಿರಲಿಲ್ಲ. ಸಂದೇಶದಲ್ಲಿ ಹವಾಮಾನದಂಥ ಯಾವುದೋ ಪದ ಇರಬಹುದೆಂದು ಊಹಿಸಿ, ಬಾಂಬ್ ಯಂತ್ರಕ್ಕೆ ಅದಕ್ಕೆ ತಕ್ಕಂತೆ ತಂತಿಗಳನ್ನು ಜೋಡಿಸುತ್ತಿದ್ದರು. ಯಂತ್ರ ಒಂದೊಂದೇ ಹೊಂದಾಣಿಕೆಯನ್ನು ಪರೀಕ್ಷಿಸುತ್ತ, ಊಹೆಗೆ ವಿರುದ್ಧವಾದುದನ್ನು ತಳ್ಳಿಹಾಕುತ್ತ ಸಾಗಿ, ಹೊಂದುವಂಥದು ಸಿಕ್ಕಾಗ ನಿಲ್ಲುತ್ತಿತ್ತು. ನಿಂತ ಮಾತ್ರಕ್ಕೆ ಅದೇ ಉತ್ತರವೆಂದು ಯಾರೂ ನಂಬುತ್ತಿರಲಿಲ್ಲ. ಪ್ರತಿ ಸಲವೂ ಅದನ್ನು ಬೇರೆಯಾಗಿ ಮತ್ತೊಮ್ಮೆ ತಾಳೆ ನೋಡುತ್ತಿದ್ದರು. ಈ ಯಂತ್ರಗಳನ್ನು ಹಗಲಿರುಳು ನಡೆಸಿದವರಲ್ಲಿ ಹೆಚ್ಚಿನವರು ನೌಕಾದಳದ ಯುವತಿಯರು. ಅವರ ಕೆಲಸದಿಂದ ಶತ್ರುಗಳ ಜಲಾಂತರ್ಗಾಮಿಗಳು ಎಲ್ಲಿವೆ ಎಂದು ತಿಳಿದು, ಎಷ್ಟೋ ಹಡಗುಗಳೂ ನಾವಿಕರ ಪ್ರಾಣಗಳೂ ಉಳಿದವು.

ಆ ದಿನಗಳ ಒಂದು ತಮಾಷೆಯ ಕಥೆಯಿದೆ. ಟ್ಯೂರಿಂಗರ ಸೈಕಲ್ಲಿನ ಚೈನು ಆಗಾಗ ಕಳಚುತ್ತಿತ್ತು. ಅವರು ಅಂಗಡಿಗೆ ಓಡದೆ ತುಳಿತಗಳನ್ನು ಎಣಿಸತೊಡಗಿದರು. ಪ್ರತಿ ಸಲವೂ ಒಂದೇ ಲೆಕ್ಕಕ್ಕೆ ಚೈನು ಕಳಚುತ್ತಿತ್ತು! ಚಕ್ರದ ಬಾಗಿದ ಕಡ್ಡಿಯೊಂದೂ ಚೈನಿನ ಕೆಟ್ಟ ಕೊಂಡಿಯೊಂದೂ ಸಂಧಿಸಿದಾಗ ಮಾತ್ರ ಹೀಗಾಗುತ್ತದೆ ಎಂದು ಅವರು ಪತ್ತೆಹಚ್ಚಿದರು ಎಂದು ಜೊತೆಯವರು ಹೇಳುತ್ತಿದ್ದರು. ಯಾವ ಸ್ಥಿತಿಯಲ್ಲಿ ತಪ್ಪು ಕಾಣಿಸಿಕೊಳ್ಳುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ, ಅಲ್ಲವೇ?

ದೊಡ್ಡ ಲೆಕ್ಕವನ್ನು ತಾಳೆ ನೋಡುವುದು

ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ನಿಜವಾದ ಕಂಪ್ಯೂಟರ್ ಕಟ್ಟುವ ಕೆಲಸದಲ್ಲಿ ತೊಡಗಿದರು. ಬಿಡುವಿನಲ್ಲಿ ದೂರದ ಓಟದ ಅಭ್ಯಾಸ. 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ್ದರು! 1948ರಲ್ಲಿ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅದೇ ವರ್ಷದ ಜೂನ್ 21ರಂದು ಅಲ್ಲಿನ ಕಂಪ್ಯೂಟರೊಂದು ತನ್ನ ನೆನಪಿನಲ್ಲಿ ಇರಿಸಿಕೊಂಡ ಪ್ರೋಗ್ರಾಮನ್ನು ಮೊದಲ ಬಾರಿಗೆ ನಡೆಸಿತ್ತು.

ಯಂತ್ರಗಳೇನೋ ಬಂದವು. ಆದರೆ ಪ್ರೋಗ್ರಾಮ್ ಬರೆಯುವವರು ಮನುಷ್ಯರು. ಒಂದು ಅಂಕಿ ತಪ್ಪಿದರೂ ಉತ್ತರವೇ ತಪ್ಪು. 1949ರ ಜೂನ್ 24ರಂದು, ತಮ್ಮ ಮೂವತ್ತೇಳನೆಯ ಹುಟ್ಟುಹಬ್ಬದ ಮರುದಿನ, ಟ್ಯೂರಿಂಗ್ ಕೇಂಬ್ರಿಜ್‌ನ ಸಮ್ಮೇಳನವೊಂದರಲ್ಲಿ ಈ ವಿಷಯವಾಗಿ ಮಾತನಾಡಿದರು. ಅಚ್ಚಾದ ಅವರ ಲೇಖನ ಬರೀ ಮೂರು ಪುಟ. ಅವರು ಆರಿಸಿಕೊಂಡ ಮೊದಲ ಉದಾಹರಣೆ ಯಾವುದು ಗೊತ್ತೇ? ನೀವು ಶಾಲೆಯಲ್ಲಿ ಮಾಡುವಂಥ ಕೂಡುವ ಲೆಕ್ಕ!

ನಾವೂ ಒಂದು ಲೆಕ್ಕ ತೆಗೆದುಕೊಳ್ಳೋಣ. 2458, 3675, 1987, 4296. ಇವುಗಳ ಮೊತ್ತ 12416. ನೀವು ಬಿಡಿ ಸ್ಥಾನದಿಂದ ಆರಂಭಿಸಿ, ದಶಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೂಡುತ್ತ ಹೋಗುತ್ತೀರಿ. ಕೊನೆಗೆ ಉಳಿಯುವುದು ಒಂದೇ ಉತ್ತರ. ಅದನ್ನು ತಾಳೆ ನೋಡುವವರು ಪೂರ್ತಿ ಲೆಕ್ಕವನ್ನು ಒಂದೇ ಉಸಿರಿಗೆ ಮತ್ತೆ ಮಾಡಬೇಕು.

ಅದರ ಬದಲು ಪ್ರತಿ ಸ್ಥಾನದ ಮೊತ್ತವನ್ನೂ ಬೇರೆ ಬೇರೆಯಾಗಿ ಬರೆದಿಟ್ಟರೆ?

ಬಿಡಿ ಸ್ಥಾನ: 8 + 5 + 7 + 6 = 26
ಹತ್ತರ ಸ್ಥಾನ: 5 + 7 + 8 + 9 = 29
ನೂರರ ಸ್ಥಾನ: 4 + 6 + 9 + 2 = 21
ಸಾವಿರದ ಸ್ಥಾನ: 2 + 3 + 1 + 4 = 10
ಕೊನೆಗೆ: 26 + 290 + 2100 + 10000 = 12416

ಈಗ ನೋಡಿ, ಐದು ಸಾಲುಗಳನ್ನು ಐದು ಮಕ್ಕಳು ಒಟ್ಟಿಗೇ ತಾಳೆ ನೋಡಬಹುದು. ಯಾರೂ ಯಾರಿಗೂ ಕಾಯಬೇಕಿಲ್ಲ. ನೂರರ ಸ್ಥಾನದಲ್ಲಿ 21ರ ಬದಲು 22 ಎಂದು ಬರೆದಿದ್ದರೆ ಮೂರನೆಯ ಮಗು ಮಾತ್ರ ಕೈಯೆತ್ತುತ್ತದೆ. ತಪ್ಪು ಇದೆ ಎಂಬುದಷ್ಟೇ ಅಲ್ಲ, ಎಲ್ಲಿದೆ ಎಂಬುದೂ ತಿಳಿಯಿತು!

ಕಂಪ್ಯೂಟರ್ ಪ್ರೋಗ್ರಾಮಿಗೂ ಇದನ್ನೇ ಮಾಡಿ ಎಂದರು ಟ್ಯೂರಿಂಗ್. ಪ್ರೋಗ್ರಾಮ್ ಬರೆಯುವವರು ಅದನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಬೇಕು. ಯಂತ್ರ ಈ ಭಾಗಕ್ಕೆ ಬಂದಾಗ ಯಾವ ಜಾಗದಲ್ಲಿ ಯಾವ ಸಂಖ್ಯೆ ಇರಬೇಕು, ಭಾಗ ಮುಗಿದಾಗ ಏನಾಗಿರಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ಆಗ ತಾಳೆ ನೋಡುವವರು ಒಂದೊಂದೇ ಭಾಗವನ್ನು ಪ್ರತ್ಯೇಕವಾಗಿ ಪರಿಶೀಲಿಸಬಹುದು. ಎಲ್ಲ ಭಾಗಗಳೂ ಸರಿಯಿದ್ದರೆ, ಅವುಗಳ ಜೋಡಣೆಯೂ ಸರಿಯಿದ್ದರೆ, ಇಡೀ ಪ್ರೋಗ್ರಾಮ್ ಸರಿ. ಜೊತೆಗೆ, ಅದು ಕೊನೆಗೊಮ್ಮೆ ನಿಲ್ಲುತ್ತದೆ ಎಂಬುದನ್ನೂ ತೋರಿಸಬೇಕು. ಅದಕ್ಕೆ ಅವರು ಹೇಳಿದ ಉಪಾಯ: ಪ್ರತಿ ಹೆಜ್ಜೆಗೂ ಕಡಿಮೆಯಾಗುತ್ತ ಹೋಗುವ ಒಂದು ಪ್ರಮಾಣವನ್ನು ಗುರುತಿಸಿ. ಚೀಲದಲ್ಲಿರುವ ಗೋಲಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರೆ ಚೀಲ ಎಂದಾದರೂ ಖಾಲಿಯಾಗಲೇಬೇಕಲ್ಲವೇ?

ಆ ಮೂರು ಪುಟಗಳು ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ. 1967ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಯ್ಡ್ ಇಂಥದೇ ವಿಧಾನವನ್ನು ಪ್ರಕಟಿಸಿದಾಗ ಅದು ಹೆಸರಾಯಿತು. ಟ್ಯೂರಿಂಗ್ ಹದಿನೆಂಟು ವರ್ಷ ಮೊದಲೇ ಆ ದಾರಿಯಲ್ಲಿ ನಡೆದಿದ್ದರೆಂಬುದು ಪ್ರಪಂಚಕ್ಕೆ ಆಮೇಲೆ ತಿಳಿಯಿತು.

ಇಂದಿನ ಪರೀಕ್ಷೆಗಳು

ಇಂದು ತಂತ್ರಾಂಶ ಬರೆಯುವವರು ತಾಳೆ ನೋಡುವ ಕೆಲಸದ ಬಹುಪಾಲನ್ನು ಕಂಪ್ಯೂಟರಿಗೇ ವಹಿಸುತ್ತಾರೆ. ಇದಕ್ಕಾಗಿ ಚಿಕ್ಕ ಚಿಕ್ಕ ಪರೀಕ್ಷೆಗಳನ್ನು ಬರೆದಿಡುತ್ತಾರೆ. ಇವು ಟ್ಯೂರಿಂಗ್ ತಯಾರಿಸಿದವಲ್ಲ. ಆದರೆ ಬಿಡಿ ಬಿಡಿಯಾಗಿ ತಾಳೆ ನೋಡು ಎಂಬ ಅವರ ವಿಚಾರಕ್ಕೆ ಇವು ಹತ್ತಿರದ ಬಂಧುಗಳು.

ಒಂದು ಉದಾಹರಣೆ ನೋಡೋಣ. ನಮ್ಮ ದೇಶದಲ್ಲಿ ಮತ ಹಾಕಲು 18 ವರ್ಷ ತುಂಬಿರಬೇಕು. ವಯಸ್ಸನ್ನು ಕೊಟ್ಟರೆ ಮತದಾನಕ್ಕೆ ಅರ್ಹರೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಮ್ ಒಂದಿದೆ ಎನ್ನಿ. ಅದಕ್ಕೆ ಮೂರು ಪರೀಕ್ಷೆಗಳು: 17 ಕೊಟ್ಟರೆ ಇಲ್ಲ ಎನ್ನಬೇಕು, 18 ಕೊಟ್ಟರೆ ಹೌದು ಎನ್ನಬೇಕು, 19 ಕೊಟ್ಟರೂ ಹೌದು ಎನ್ನಬೇಕು. ಬರೆದವರು ಮರೆತು, 18 ಅಥವಾ ಹೆಚ್ಚು ಎನ್ನುವ ಕಡೆ 18ಕ್ಕಿಂತ ಹೆಚ್ಚು ಎಂದು ಬರೆದಿದ್ದಾರೆ. ಆಗ ಮೊದಲನೆಯ ಮತ್ತು ಮೂರನೆಯ ಪರೀಕ್ಷೆಗಳು ಪಾಸು, ಎರಡನೆಯದು ಮಾತ್ರ ಫೇಲು! ತಪ್ಪು ಗಡಿಯಲ್ಲೇ ಇದೆ ಎಂದು ಒಡನೆಯೇ ಗೊತ್ತಾಗುತ್ತದೆ. ಇದು ಸಿಗದೇ ಹೋಗಿದ್ದರೆ? ಹದಿನೆಂಟು ತುಂಬಿದವರೊಬ್ಬರ ಹಕ್ಕೇ ತಪ್ಪುತ್ತಿತ್ತು.

ಪ್ರತಿ ಪರೀಕ್ಷೆಯೂ ಹೇಗೆ ನಡೆಯಬೇಕೆಂದು ಮೊದಲೇ ಗೊತ್ತುಪಡಿಸಬೇಕು. ಮುಖ್ಯವಾದ ನಾಲ್ಕು ಸಂಗತಿಗಳು ಇವು.

1. ಆರಂಭದ ಸ್ಥಿತಿ: ಹಿಂದಿನ ಪ್ರಯೋಗದ ಆಮ್ಲ ಉಳಿದಿರುವ ಪ್ರನಾಳದಲ್ಲಿ ಹೊಸ ಪ್ರಯೋಗ ಮಾಡಬಹುದೇ? ತೊಳೆಯಲೇಬೇಕು. ಹಾಗೆಯೇ ಒಂದು ಪರೀಕ್ಷೆಯ ಅಂಕಿಗಳು ಇನ್ನೊಂದಕ್ಕೆ ಅಂಟಿಕೊಳ್ಳದಂತೆ ಪ್ರತಿಯೊಂದನ್ನೂ ಹೊಸದಾಗಿ ಆರಂಭಿಸಬೇಕು. ಆಗ ಯಾವುದನ್ನು ಮೊದಲು ನಡೆಸಿದರೂ ಫಲಿತಾಂಶ ಬದಲಾಗದು.

2. ಬರಬೇಕಾದ ಉತ್ತರ: ಇದನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು. ಬಂದ ಉತ್ತರವನ್ನು ನೋಡಿ ಸರಿಯೆಂದು ತಲೆಯಾಡಿಸುವುದು ಪರೀಕ್ಷೆಯಲ್ಲ.

3. ಕಾಲದ ಮಿತಿ: ಪ್ರೋಗ್ರಾಮ್ ನಿಲ್ಲುತ್ತದೆಯೇ ಇಲ್ಲವೇ ಎಂದು ಹೇಳುವ ಸಾಮಾನ್ಯ ವಿಧಾನ ಇಲ್ಲವೆಂದು ಮೇಲೆ ಓದಿದಿರಲ್ಲ? ಆದ್ದರಿಂದ ಒಂದು ಪರೀಕ್ಷೆಗೆ 2 ಸೆಕೆಂಡು, ದೊಡ್ಡದಾದರೆ 1 ನಿಮಿಷ ಎಂದು ಗಡುವು ಇಡುತ್ತಾರೆ. ಅಷ್ಟರಲ್ಲಿ ಮುಗಿಯದಿದ್ದರೆ ಅದನ್ನು ಫೇಲು ಎಂದು ನಿಲ್ಲಿಸಿ, ಮುಂದಿನದಕ್ಕೆ ಹೋಗುತ್ತಾರೆ.

4. ಯಾವಾಗ, ಎಲ್ಲಿ: ಚಿಕ್ಕ ಪರೀಕ್ಷೆಗಳು ಪ್ರತಿ ತಿದ್ದುಪಡಿಯ ನಂತರವೂ ನಡೆಯುತ್ತವೆ. ಗಂಟೆಗಟ್ಟಲೆ ಹಿಡಿಯುವ ಪರೀಕ್ಷೆಗಳನ್ನು ರಾತ್ರಿಗೆ ಇಟ್ಟುಕೊಳ್ಳಬಹುದು. ಕೆಲವನ್ನು ಒಂದು ಬಗೆಯ ಯಂತ್ರದಲ್ಲಿ ಮಾತ್ರ ನಡೆಸಬೇಕಾಗುತ್ತದೆ.

ಪರೀಕ್ಷೆ ನಡೆಸುವ ಸ್ಥಿತಿ ಸರಿಯಿಲ್ಲದಿದ್ದರೆ ಏನಾಗಬಹುದು? 1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರಲ್ಲಿದ್ದ ನಾಲ್ಕು ಉಪಗ್ರಹಗಳೂ ನಾಶವಾದವು. ಹಿಂದಿನ ಏರಿಯಾನ್ 4ರಲ್ಲಿ ಸರಿಯಾಗಿ ಕೆಲಸ ಮಾಡಿದ್ದ ತಂತ್ರಾಂಶದ ಭಾಗವೊಂದನ್ನು ಹೊಸ ರಾಕೆಟ್ಟಿಗೂ ಬಳಸಿದ್ದರು. ಅದರ ಒಂದು ಜಾಗದಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲ. ಹೊಸ ರಾಕೆಟ್ ವೇಗವಾಗಿ ಸಾಗಿದ್ದರಿಂದ ಸಂಖ್ಯೆ ಅದನ್ನು ಮೀರಿತು. ಹೊಸ ರಾಕೆಟ್ಟಿನ ಹಾರಾಟದ ಅಂಕಿಗಳನ್ನೇ ಕೊಟ್ಟು ಆ ಭಾಗವನ್ನು ಪರೀಕ್ಷಿಸಿರಲಿಲ್ಲ. ಹಳೆಯ ಸ್ಥಿತಿಯಲ್ಲಿ ಪಾಸಾದದ್ದು ಹೊಸ ಸ್ಥಿತಿಯಲ್ಲೂ ಪಾಸಾಗುತ್ತದೆ ಎಂದು ನಂಬುವಂತಿಲ್ಲ.

ಇನ್ನೊಂದು ಮಾತು. ಸಾವಿರ ಪರೀಕ್ಷೆಗಳು ಪಾಸಾದರೂ, ಕೊಟ್ಟುನೋಡದ ಸಂಖ್ಯೆಯೊಂದರಲ್ಲಿ ತಪ್ಪು ಅಡಗಿರಬಹುದು. ಟ್ಯೂರಿಂಗ್ 1949ರಲ್ಲಿ ಹೇಳಿದ್ದು ಕೆಲವು ಸಂಖ್ಯೆಗಳನ್ನು ಕೊಟ್ಟುನೋಡುವ ವಿಧಾನವಲ್ಲ, ಎಲ್ಲ ಸಂಖ್ಯೆಗಳಿಗೂ ಸರಿಯೆಂದು ಸಾಧಿಸುವ ವಿಧಾನ. ಅದು ಕಷ್ಟದ ಕೆಲಸ. ಆದ್ದರಿಂದ ಜೀವಕ್ಕೆ ಅಪಾಯವಿರುವ ಕೆಲವು ಕಡೆ ಎರಡನ್ನೂ ಮಾಡುತ್ತಾರೆ.

ಕೊನೆಯ ದಿನಗಳು

1951ರಲ್ಲಿ ಟ್ಯೂರಿಂಗ್ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಮರುವರ್ಷವೇ ಅವರಿಗೆ ದೊಡ್ಡ ಅನ್ಯಾಯವಾಯಿತು. ಗಂಡಸು ಇನ್ನೊಬ್ಬ ಗಂಡಸನ್ನು ಪ್ರೀತಿಸುವುದು ಆ ಕಾಲದ ಇಂಗ್ಲೆಂಡಿನ ಕಾನೂನಿಗೆ ಅಪರಾಧವಾಗಿತ್ತು. ಆ ಕಾರಣಕ್ಕೆ ಅವರ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಸರ್ಕಾರದ ರಹಸ್ಯ ಕೆಲಸಗಳಿಂದ ಅವರನ್ನು ಹೊರಗಿಟ್ಟರು. ಯುದ್ಧದಲ್ಲಿ ದೇಶಕ್ಕಾಗಿ ಅವರು ಮಾಡಿದ ಕೆಲಸ ಇನ್ನೂ ಗುಟ್ಟಾಗಿದ್ದುದರಿಂದ ಜನರಿಗೆ ಅದು ತಿಳಿದೇ ಇರಲಿಲ್ಲ. 1954ರ ಜೂನ್ 7ರಂದು ಅವರು ಅಕಾಲ ಮರಣಕ್ಕೆ ಈಡಾದರು. ನಲವತ್ತೆರಡು ತುಂಬಲು ಇನ್ನೂ 16 ದಿನಗಳಿದ್ದವು.

ಬ್ಲೆಚ್ಲೀ ಪಾರ್ಕಿನ ಸಂಗತಿ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಟ್ಯೂರಿಂಗರಿಗೆ ಕ್ಷಮಾದಾನ ನೀಡಿದರು. 2021ರ ಜೂನ್ 23ರಂದು, ಅವರ ಹುಟ್ಟುಹಬ್ಬದ ದಿನವೇ, ಅವರ ಚಿತ್ರವಿರುವ 50 ಪೌಂಡಿನ ನೋಟು ಬಂದಿತು. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಪ್ರಶಸ್ತಿಯನ್ನು 1966ರಿಂದ ಅವರ ಹೆಸರಿನಲ್ಲೇ ಕೊಡಲಾಗುತ್ತಿದೆ. 1994ರಲ್ಲಿ ಅದನ್ನು ಪಡೆದ ಇಬ್ಬರಲ್ಲಿ ಭಾರತದಲ್ಲಿ ಹುಟ್ಟಿದ ರಾಜ್ ರೆಡ್ಡಿ ಒಬ್ಬರು.

ಪ್ರೋಗ್ರಾಮಿನ ತಪ್ಪನ್ನು ಯಂತ್ರ ಕ್ಷಣದಲ್ಲಿ ತೋರಿಸುತ್ತದೆ. ಸಮಾಜದ ತಪ್ಪು ಕಣ್ಣಿಗೆ ಬೀಳಲು ಐವತ್ತೈದು ವರ್ಷ ಬೇಕಾಯಿತು. ನಮ್ಮ ನಿಯಮಗಳನ್ನೂ ಆಗಾಗ ಪರೀಕ್ಷಿಸಿ ನೋಡುತ್ತಿರಬೇಕು, ಅಲ್ಲವೇ?

ನೀವೇ ಮಾಡಿ ನೋಡಿ

ತರಗತಿಯಲ್ಲಿ ಐದು ಜನರ ಗುಂಪು ಮಾಡಿಕೊಳ್ಳಿ. ನಾಲ್ಕು ಅಂಕಿಗಳ ಆರು ಸಂಖ್ಯೆಗಳನ್ನು ಬರೆದು, ಮೇಲೆ ತೋರಿಸಿದಂತೆ ಸ್ಥಾನವಾರು ಕೂಡಿರಿ. ಬೇಕೆಂದೇ ಒಂದು ಸಾಲಿನಲ್ಲಿ ತಪ್ಪು ಮಾಡಿ ಬೇರೆ ಗುಂಪಿಗೆ ಕೊಡಿ. ಅವರು ಎಷ್ಟು ಬೇಗ ಹುಡುಕುತ್ತಾರೆ? ಅದೇ ಲೆಕ್ಕದ ಕೊನೆಯ ಉತ್ತರವನ್ನು ಮಾತ್ರ ಕೊಟ್ಟಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಗಡಿಯಾರ ನೋಡಿ ಎರಡನ್ನೂ ಹೋಲಿಸಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.